ಒಪ್ಪತ್ತಿನ ಸಾಲು

ಆಗ ನನಗೆ ಐವತ್ತೆಂಟು ವರ್ಷ. ಹನ್ನೊಂದು ವರ್ಷದ ಹಿಂದಿನ ಮಾತು. ಆ ಹೆಣ್ಣುಮಗಳನ್ನು ಮೊದಲ ಸಲ ನೋಡಿದ ದಿನವೇ ನಾನು ಅವರಿಗೊಂದು ಸುಳ್ಳು ಹೇಳಿದೆ. ಅದು ಸುಳ್ಳು ಅಂತ ಅವರಿಗೆ ಗೊತ್ತಾಯಿತು. ಅವರಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು. ನಮ್ಮ ಪರಿಚಯ ಶುರುವಾದದ್ದು ಹಾಗೆ.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಮೈಕು ಹಿಡಿದವರೆಲ್ಲ ಅವರನ್ನು ತಾಯಿ ಅಂದರು, ದೇವತೆ ಅಂದರು. ಬದುಕಿದ್ದಾಗ ಈ ಮಾತು ಕಿವಿಗೆ ಬಿದ್ದಿದ್ದರೆ ಎದ್ದು ನಿಂತು, "ಅದ ಇರ್ಲಿ ಸಾಹೇಬ್ರ, ನಿನ್ನಿ ಸಂಜಿಗೆ ಏನ ಉಂಡ್ರಿ?" ಅಂತ ಕೇಳುತ್ತಿದ್ದರು. ಅವರು ದೇವತೆಯಲ್ಲ. ಬಾಯಿ ಚುರುಕು, ಕೈ ಬಿಗಿ. ಒಂದು ಹಿಡಿ ಬೀಜ ಕೊಟ್ಟರೆ ಮುಂದಿನ ವರ್ಷ ಎರಡು ಹಿಡಿ ವಸೂಲು ಮಾಡುವ ಹೆಂಗಸು. ಇದ್ದ ಹಾಗೆ ಯಾರಾದರೂ ಬರೆಯಬೇಕು ಅಂತ ನಾನು ಕುಳಿತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಆದರೂ ಎಲ್ಲರ ಬಾಯಲ್ಲಿ ಅಕ್ಕೋರೇ. ಶೇಡಬಾಳದ ಆಚೆ ಇಪ್ಪತ್ತು ಗುಂಟೆ ಹೊಲ ಇತ್ತು. ಮೊದಲು ಊರವರ ಕಬ್ಬು ಕಡಿದು ಬದುಕಿದವರು. ಗಂಡ ಶಾಲೆಯೊಂದರಲ್ಲಿ ಸಿಪಾಯಿ. ಅವರ ಸಂಬಳದಲ್ಲಿ ಆ ಹೊಲ ಕೊಂಡರು. ಒಂದು ಮನೆಯ ಮಂದಿ ವರ್ಷವಿಡೀ ಸಂತೆಗೆ ಹೋಗದೆ ಉಣ್ಣಲು ಎಷ್ಟು ನೆಲ ಬೇಕು ಅಂತ ತೋರಿಸುವುದು ಅವರ ಹಟ. ಅದನ್ನು ನೋಡಿ ಯಾವುದೋ ಸಂಸ್ಥೆಯವರು ಬಂದು ಗೇಟಿಗೆ ಬೋರ್ಡು ಹಾಕಿದರು. ಹಸಿವು ಓಡಿಸುವ ಮಾದರಿ ತೋಟ ಅಂತ.

ನೋಡಲು ಹೇಗಿದ್ದರು ಅಂದರೆ, ಬಿದಿರಿನ ಗಳದ ಹಾಗೆ. ಸೀರೆಯ ಮೇಲೆ ಗಂಡನ ಹಳೆಯ ತುಂಬು ತೋಳಿನ ಅಂಗಿ. ಕಬ್ಬಿನ ರವದಿಯ ಗರಿ ಮೈ ಕೊಯ್ಯಬಾರದು ಅಂತ ಕೂಲಿಗೆ ಹೋಗುವಾಗ ತೊಡುತ್ತಿದ್ದ ಅಂಗಿ ಅದು. ಕೂಲಿ ಬಿಟ್ಟ ಮೇಲೂ ಅಂಗಿ ಬಿಡಲಿಲ್ಲ. ಸೊಂಟದಲ್ಲಿ ಕುಡುಗೋಲು. ಮಾತಿನ ನಡುವೆ ಮರಾಠಿ ನುಗ್ಗುತ್ತಿತ್ತು, ಸಿಟ್ಟು ಬಂದರೆ ಪೂರಾ ಮರಾಠಿ. ನಗುವಾಗ ಬಾಯಿಗೆ ಸೆರಗು ಹಿಡಿಯುತ್ತಿರಲಿಲ್ಲ. ಅದು ನನಗೆ ಮೊದಲು ಸರಿ ಕಾಣಲಿಲ್ಲ.

ನಾವು ಹೋದದ್ದು ಹೌಸಿಗಲ್ಲ, ಖುಷಿಗಲ್ಲ. ನಮ್ಮ ಮಹಿಳಾ ಸಂಘದವರು ಹೋಗಲೇಬೇಕು ಅಂತ ಮೇಲಿನಿಂದ ಹೇಳಿದ್ದರು. ಹದಿನಾಲ್ಕು ಹೆಂಗಸರು ಕುಡಚಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆವು. ನನ್ನ ಜೊತೆ ಸೊಸೆ ಇದ್ದಳು, ಏಳು ತಿಂಗಳ ಬಸುರಿ. ಅವಳ ಮೊದಲ ಕೂಸು ಕೈಯಳತೆಯಷ್ಟು ಹುಟ್ಟಿ ಎಂಟು ದಿನ ಇದ್ದು ಹೋಗಿತ್ತು. ಈ ಸಲವೂ ಡಾಕ್ಟರಬಾಯಿ "ರಕ್ತ ಏರವಲ್ದು" ಅಂದಿದ್ದರು. ಗುಳಿಗೆ ನುಂಗುತ್ತಿದ್ದಳು, ಕಕ್ಕುತ್ತಿದ್ದಳು. ಈ ಕೂಸು ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಬಿಟ್ಟರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇರೆ ಯೋಚನೆ ಇರಲಿಲ್ಲ. ಹಿತ್ತಲಿನಾಚೆ ಕಾಲಿಟ್ಟರೆ ನಾಲ್ಕು ಎಕರೆ ಕಬ್ಬು ನಮ್ಮದು. ಅನ್ನಕ್ಕೆ ಕಡಿಮೆ ಇದ್ದ ಮನೆಯಲ್ಲ. ಹಸಿವು ಓಡಿಸುವ ತೋಟ ನೋಡಿ ನಮಗೇನು ಆಗಬೇಕು ಅಂತ ನಾನು ಅಂದುಕೊಂಡಿದ್ದೆ. ಸೊಸೆಯೇ ಬರುತ್ತೇನೆ ಅಂದಳು. ಮನೆಯಲ್ಲಿ ಕೂತು ಕೂತು ಬೇಸತ್ತಿದ್ದಳು.

ಸಂಘದ ಅಧ್ಯಕ್ಷೆ ಪಾರವ್ವ ಪ್ಲಾಟ್‌ಫಾರ್ಮಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತಳು.

"ಯಾರ ತ್ವಾಟಕ್ಕ ಹೊಂಟೀವಿ ಗೊತ್ತೈತೇನಕ್ಕಾ?"

"ಯಾರದ?"

"ಬುದ್ಧನ ಫೋಟೋ ಇಡೋ ಮಂದಿದು. ಮಧ್ಯಾಹ್ನ ಉಣ್ಣಾಕ ಆಕೀನ ಹಾಕ್ತಾಳಂತ, ತನ್ನ ಕೈಲೆ ಮಾಡಿ."

ನಮ್ಮ ಊರುಗಳಲ್ಲಿ ಅವರ ಕೇರಿಯವರು ನಮ್ಮ ಹೊಲದಲ್ಲಿ ದುಡಿಯುತ್ತಾರೆ, ನಮ್ಮ ಕಬ್ಬು ಕಡಿಯುತ್ತಾರೆ. ಅವರ ಮನೆಯಲ್ಲಿ ನಾವು ನೀರು ಕುಡಿಯುತ್ತಿರಲಿಲ್ಲ. ಯಾಕೆ ಅಂತ ಯಾರೂ ಕೇಳಿದ್ದಿಲ್ಲ, ನಾನೂ ಕೇಳಿದವಳಲ್ಲ. ಇದ್ದ ಮಾತು ಇದು.

"ಹಾಕಿದ್ರ ಏನ ಮಾಡೂದು?" ಅಂದೆ.

"ಇವತ್ತ ಸೋಮಾರ ಐತಲ್ಲ. ಒಪ್ಪತ್ತ ಐತಿ ಅನ್ನೂದು. ಮುಗೀತು."

ಒಪ್ಪತ್ತು ಅಂದರೆ ದಿನಕ್ಕೆ ಒಂದೇ ಊಟ, ಅದೂ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ. ಉಣ್ಣಬಾರದ ಮನೆಯಲ್ಲಿ ಎಲೆ ಹಾಕಿದರೆ ನಮ್ಮ ಹೆಂಗಸರು ಹೇಳುತ್ತಿದ್ದ ಮಾತೇ ಇದು. ಯಾರ ಮನಸ್ಸೂ ನೋಯುವುದಿಲ್ಲ, ದೇವರ ಹೆಸರೂ ಬರುತ್ತದೆ ಅಂತ ನಮ್ಮ ಲೆಕ್ಕ.

ತೋಟದಲ್ಲಿ ಅಕ್ಕೋರು ನಮಸ್ಕಾರ ಅನ್ನಲಿಲ್ಲ, ಭಾಷಣ ಮಾಡಲಿಲ್ಲ. ನೆಲದ ಮೇಲೆ ಬೂದಿಯಿಂದ ಎರಡು ಸುತ್ತು ಬರೆದರು. ಒಂದು ಸಂತೆ, ಒಂದು ಹೊಲ. ಪಕ್ಕದಲ್ಲಿ ಒಂದು ಬುಟ್ಟಿ ಹರಳುಕಲ್ಲು.

"ನಿನ್ನಿ ಸಂಜಿಗೆ ಏನೇನ ಉಂಡೀರಿ, ಅದಕ್ಕೊಂದೊಂದ ಕಲ್ಲ. ಎಲ್ಲಿಂದ ಬಂದೈತಿ ಆ ಸುತ್ತಿನ್ಯಾಗ ಇಡ್ರಿ. ಯಾರ ಮೊದಲ? ಅಕ್ಕಾರ, ನೀವ ಬರ್ರಿ."

ನಾನು ಹೋದೆ. ಅನ್ನದ ಅಕ್ಕಿ, ಸಂತೆ. ಬೇಳೆ, ಸಂತೆ. ಬಟಾಟೆ, ಸಂತೆ. ಎಣ್ಣೆ, ಉಪ್ಪಿನಕಾಯಿ, ಅಂಗಡಿ ಪಾಕೀಟು. ಒಂದು ಸುತ್ತು ತುಂಬಿತು. ಇನ್ನೊಂದು ಬೋಳು.

"ಹೊಲ ಎಷ್ಟೈತ್ರಿ ನಿಮ್ಮದು?"

"ನಾಕ ಎಕರೆ."

"ಏನ ಬೆಳೀತೀರಿ?"

"ಕಬ್ಬ."

"ನಿನ್ನಿ ಕಬ್ಬ ಉಂಡ್ರೇನ?"

ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. "ಉಂಡ ಮ್ಯಾಲ ಚಾ ಕುಡದೀನಿ. ಅದರಾಗ ಸಕ್ಕರಿ ಇತ್ತು" ಅಂದೆ.

ಅಕ್ಕೋರು ಕಲ್ಲೊಂದನ್ನು ಎತ್ತಿ ನೋಡಿದರು. "ಸಕ್ಕರಿ ನಿಮ್ಮ ಹೊಲದಿಂದ ಕಾರ್ಖಾನಿಗೆ ಹೋಗಿ, ಕಾರ್ಖಾನಿಂದ ಅಂಗಡಿಗೆ ಬಂದು, ಅಂಗಡಿಂದ ನಿಮ್ಮ ಕಪ್ಪಿಗೆ ಬಂತು. ಈ ಕಲ್ಲ ಒಡದ ಅರ್ಧ ಇಡ್ಲೇನ್ರಿ?"

ನನ್ನ ನಂತರ ಲಕ್ಷ್ಮವ್ವ ಹೋದಳು, ನಮ್ಮ ಹೊಲಕ್ಕೇ ಕೂಲಿಗೆ ಬರುವವಳು. ಹೊಲದ ಸುತ್ತಿನಲ್ಲಿ ಮೂರು ಕಲ್ಲು ಇಟ್ಟಳು. ಹತ್ತರಕಿ ಸೊಪ್ಪು, ಚಕ್ಕೋತ ಸೊಪ್ಪು, ನುಗ್ಗಿಸೊಪ್ಪು.

"ನಿನಗ ಹೊಲ ಎಲ್ಲೈತಿ?" ಅಂತ ಪಾರವ್ವ ಕೆಣಕಿದಳು.

ಲಕ್ಷ್ಮವ್ವ ನನ್ನ ಕಡೆ ನೋಡಿ ಹಲ್ಲು ಕಿರಿದಳು. "ಅಕ್ಕಾರ ಒಡ್ಡಿನ ಮ್ಯಾಲಿಂದ ಕಿತ್ಕೊಂಡ ಹೋಗಿದ್ದೆ. ಹೆಂಗೂ ಕಸ ಅಂತ ಒಗೀತಾರ."

ಆಮೇಲೆ ಅಕ್ಕೋರು, "ಒಬ್ಬರ ಕಣ್ಣ ಒಬ್ಬರು ನೋಡ್ರಿ" ಅಂದರು. ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಬೇಕು. ಒಳಗೆ ಕೆಂಪಿದ್ದರೆ ಮೈಯಲ್ಲಿ ರಕ್ತ ಇದೆ. ತಾವಾಗಿ ಅವರು ಯಾರನ್ನೂ ಮುಟ್ಟಲಿಲ್ಲ. ಮುಟ್ಟಿಸಿಕೊಳ್ಳುವುದು ನಮಗೆ ಸೇರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ದೂರದಲ್ಲಿ ಕೈಕಟ್ಟಿ ನಿಂತು ಹೇಳಿದರು. ನಾನು ಸೊಸೆಯ ರೆಪ್ಪೆ ಜಗ್ಗಿದೆ. ಜೋಳದ ಹಿಟ್ಟು ಇದ್ದ ಹಾಗಿತ್ತು. ಲಕ್ಷ್ಮವ್ವನದು ನೋಡಿದೆ. ಕುಂಕುಮ.

ಅಕ್ಕೋರು ನನ್ನ ಸೊಸೆಯನ್ನು ಒಂದು ಗಳಿಗೆ ದಿಟ್ಟಿಸಿ, "ಉಣ್ಣಾಕ ಏಳ್ರಿ" ಅಂದರು.

ಗುಡಿಸಲ ಮುಂದೆ ಒಲೆ. ಬಿಸಿ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಅಗಸಿಯ ಚಟ್ನಿಪುಡಿ, ನಮ್ಮ ಮಾತಿನಲ್ಲಿ ಹಿಂಡಿ. ಲಕ್ಷ್ಮವ್ವ ಮತ್ತು ಇನ್ನು ನಾಲ್ವರು ಹೋಗಿ ಕೂತರು. ನಾವು ಒಂಬತ್ತು ಮಂದಿ ನಿಂತೆವು.

"ಇವತ್ತ ಸೋಮಾರಲ್ರಿ," ಅಂದಳು ಪಾರವ್ವ. "ನಮಗ ಒಪ್ಪತ್ತ ಐತಿ."

"ನಿಮಗರಿ?" ಅಂತ ಅಕ್ಕೋರು ನನ್ನನ್ನು ಕೇಳಿದರು.

"ನನಗೂ ಒಪ್ಪತ್ತ."

"ಬಸರಿ ಹೆಣಮಗಳಿಗೂ?"

ಸೊಸೆ ಒಲೆಯ ಕಡೆ ನೋಡುತ್ತಿದ್ದಳು. ತಿಂಗಳುಗಟ್ಟಲೆ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ ಹುಡುಗಿ, ಬಾಯಲ್ಲಿ ಬಂದ ನೀರು ನುಂಗುವುದನ್ನು ನಾನು ಕಂಡೆ. ಕಂಡೂ ಹೇಳಿದೆ: "ಹೌದ್ರಿ. ನಮ್ಮ ಮನಿ ಪದ್ಧತಿ."

ನನ್ನ ಬದುಕಿನಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಅದರಷ್ಟು ಹೊಲಸು ಸುಳ್ಳು ಇನ್ನೊಂದಿಲ್ಲ.

ಅಕ್ಕೋರು ಸಿಟ್ಟಾಗಲಿಲ್ಲ. ಬೆರಳಿನ ಗೆಣ್ಣು ಎಣಿಸಿದರು. "ಹೋದ ಸಲ ಬಂದವರು ಮಂಗಳವಾರ ಬಂದಿದ್ರು, ಅವರಿಗೂ ಒಪ್ಪತ್ತಿತ್ತು. ಅದರ ಹಿಂದ ಗುರುವಾರ ಬಂದವರಿಗೂ ಇತ್ತು. ನಮ್ಮ ತ್ವಾಟಕ್ಕ ಬರೋರು ಭಾಳ ದೇವರ ಮಂದಿ. ಬರ್ರಿ ಹಿಂಗ."

ಪ್ರತಿ ಸಾಲಿನ ತಲೆಗೆ ತಗಡಿನ ತುಂಡಿನಲ್ಲಿ ಬೆಳೆಯ ಹೆಸರು ಬರೆದಿತ್ತು. ಜೋಳ, ಕುಸುಬಿ, ಕಡಲೆ, ಮೆಂತ್ಯ, ಬದನೆ. ಎಲ್ಲಕ್ಕಿಂತ ಕಡೆಗೆ, ಬಚ್ಚಲ ನೀರು ಹರಿಯುವ ಬಾಳೆಯ ಪಕ್ಕ, ನೆಲದ ತುಂಬ ಬಳ್ಳಿ ಹಬ್ಬಿತ್ತು. ಅದರ ತಗಡಿನ ಮೇಲೆ ಬರೆದದ್ದು: ಒಪ್ಪತ್ತಿನ ಸಾಲು.

ಗೆಣಸು. ಒಪ್ಪತ್ತಿದ್ದವರು ಹಗಲು ತಿನ್ನಬಹುದಾದದ್ದು.

"ಕುರಪಿ ಅಲ್ಲೈತಿ, ನೀವ ಅಗೀರಿ. ಗಡಗಿ ಕುಂಬಾರರ ಮನಿಂದ ಬಂದದ್ದ ಹಂಗ ಹೊರಗ ಐತಿ. ನೀರ ಬೋರಿಂದು, ನೀವ ಹಿಡೀರಿ. ಮೂರ ಕಲ್ಲ ಇಟ್ಟೀನಿ, ಒಲಿ ನೀವ ಹಚ್ಚರಿ. ನನ್ನ ಕೈ ಎಲ್ಲೂ ಹತ್ತಿಲ್ಲ."

ಬೈದಿದ್ದರೆ ನಾವೂ ಬೈದು ರೈಲು ಹತ್ತಬಹುದಿತ್ತು. ಬೈಯಲಿಲ್ಲ. ಎಂಟು ಹೆಂಗಸರು ತಲೆ ತಗ್ಗಿಸಿ ಗೆಣಸು ಅಗೆದೆವು. ಅಕ್ಕೋರು ಸೊಸೆಯನ್ನು ಮಾತ್ರ ಅಗೆಯಲು ಬಿಡಲಿಲ್ಲ.

"ನೀ ಬಗ್ಗಬ್ಯಾಡ. ಅಲ್ಲಿ ಟಮಾಟಿ ಅದಾವ, ಅವರಿ ಅದಾವ, ಪೇರು ಹಣ್ಣಾಗೇತಿ. ಗಿಡದಿಂದ ನೀನ ಹರ್ಕೊಂಡ ತಿನ್ನು. ಗಿಡಕ್ಕ ಯಾವ ಕೇರಿ?"

ಸೊಸೆ ಆ ಸಾಲುಗಳಲ್ಲಿ ಮೇಕೆ ಮೇಯ್ದ ಹಾಗೆ ತಿನ್ನುತ್ತ ಹೋದಳು. ಹಸಿ ಮೆಂತ್ಯ ಸಹ ಬಿಡಲಿಲ್ಲ. ಒಂದನ್ನೂ ಕಕ್ಕಲಿಲ್ಲ.

ಮುಂದೆ ಒಮ್ಮೆ, ಸಲಿಗೆ ಬೆಳೆದ ಮೇಲೆ, ನಾನು ನೇರವಾಗಿ ಕೇಳಿದೆ. "ನಮ್ಮಂಥವರು ಬಂದು ಹಂಗ ಅಂದ್ರ ನಿಮಗ ಸಿಟ್ಟ ಬರ್ತಿರಲಿಲ್ಲೇನ್ರಿ?"

"ಬರ್ಲಾರ್ದ ಏನ? ಮೊದಲ ಸಲ ಎರಡ ದಿನ ರೊಟ್ಟಿ ಬಡೀಲಿಲ್ಲ ನಾ. ಆಮ್ಯಾಲ ಗೇಟಿನ ಬೋರ್ಡ ಕಣ್ಣಿಗೆ ಬಿತ್ತು. ಹಸಿವಿ ಓಡಸ್ತೀವಿ ಅಂತ ಬರಸ್ಕೊಂಡ, ಬಂದವರನ್ನ ಹಸ್ಕೊಂಡ ಕಳಸಿದ್ರ ಬೋರ್ಡ ಸುಳ್ಳಾಗ್ತೈತಿ. ಅದಕ್ಕ ಗೆಣಸ ಹಚ್ಚಿದೆ."

ಹೇಳಿ, ಮೂಗು ಒರೆಸಿಕೊಂಡು, "ಬೋರ್ಡ ನಾ ಬರಸಿದ್ದಲ್ಲ. ಆ ಸಂಸ್ಥೇರು ಸಿಕ್ಕಸಿ ಹೋದ್ರು" ಅಂದರು.

ಅವರ ನಾಲಿಗೆ ಎಂಥದ್ದು ಅಂದರೆ, ಒಮ್ಮೆ ಕಾರಿನಲ್ಲಿ ಒಬ್ಬ ಸಾಹೇಬರು ಬಂದರಂತೆ. ಫೋಟೋ ತೆಗೆಸಿಕೊಂಡು, ಊಟದ ಹೊತ್ತಿಗೆ ತಮಗೆ ಸಕ್ಕರೆ ಕಾಯಿಲೆ ಅಂದರಂತೆ. "ಹಿಂಡಿಗೆ ಖಾರ ಹಾಕೀನ್ರಿ ಸಾಹೇಬ್ರ, ಸಕ್ಕರಿ ಹಾಕಿಲ್ಲ" ಅಂದರಂತೆ ಇವರು. ಆ ಸಾಹೇಬರು ಒಂದು ರೊಟ್ಟಿ ತಿಂದರಂತೆ. ಆಮೇಲೆ ಕೈ ತೊಳೆದು ತೊಳೆದು ಸಾಬೂನು ಸವೆಸಿದರು ಅಂತ ಅದನ್ನೂ ಹೇಳಿ ನಗುತ್ತಿದ್ದರು. ಆ ನಗು ಎಲ್ಲ ಸಲ ನಗುವಾಗಿರಲಿಲ್ಲ.

ಅಕ್ಕೋರು ನಮ್ಮ ಮನೆಗೆ ಮೊದಲ ಸಲ ಬಂದಾಗ ನನ್ನ ಗಂಡ ಬೇರೆ ಗ್ಲಾಸಿನಲ್ಲಿ ಚಹಾ ಕೊಡಿಸಿದ. ಕಟ್ಟೆಯ ಮೇಲೆ ಕೂತು ಕುಡಿದರು. ಗ್ಲಾಸು ತಾವೇ ತೊಳೆದು, ಹೊರಗಿನ ಗೂಡಿನಲ್ಲಿಟ್ಟರು. "ಇಲ್ಲೇ ಇರ್ಲಿ ಮಾಲಕ್ರ. ಮುಂದಿನ ಸಲ ಎಲ್ಲಿ ಹುಡಕತೀರಿ" ಅಂದರು. ಎರಡನೇ ಸಲ ಬಂದಾಗ ಆ ಗ್ಲಾಸು ಗೂಡಿನಲ್ಲಿ ಇರಲಿಲ್ಲ. ತೆಗೆದವಳು ನಾನಲ್ಲ. ಗಂಡನನ್ನು ಕೇಳಿದರೆ ಬೆಕ್ಕು ಒಡೆಯಿತು ಅಂದ. ಸ್ಟೀಲಿನ ಗ್ಲಾಸು ಅದು.

ಹೊಳೆ ಬಂದ ವರ್ಷ ಕೃಷ್ಣೆ ನಮ್ಮ ಕಬ್ಬಿನ ತಲೆಯ ಮೇಲೆ ಹರಿದಳು. ಊರಿಗೆ ಊರೇ ಶಾಲೆಯ ಕೋಣೆಗಳಲ್ಲಿ ಇತ್ತು. ಮೂರನೇ ದಿನ ಅಕ್ಕೋರು ಟೆಂಪೋದಲ್ಲಿ ಬಂದರು. ಎರಡು ಚೀಲ ಬೇಯಿಸಿದ ಗೆಣಸು, ಒಂದು ಗಂಟು ರೊಟ್ಟಿ. ಕೇರಿಯವರು, ನಾವು, ಎಲ್ಲರೂ ಒಂದೇ ಸಾಲಿನಲ್ಲಿ ಕೈ ಚಾಚಿದೆವು. ಪಾರವ್ವ ಎರಡೆರಡು ಸಲ ಚಾಚಿದಳು. ಅಕ್ಕೋರು ಅವಳ ಕೈಗೆ ರೊಟ್ಟಿ ಹಾಕುತ್ತ, "ಇವತ್ತ ವಾರ ಯಾವುದ್ರಿ ಅಧ್ಯಕ್ಷರ?" ಅಂತ ಮೆಲ್ಲಗೆ ಕೇಳಿದರು. ಪಾರವ್ವನಿಗೆ ಅಳು ಬಂತು. ಅದನ್ನು ನೋಡಿ ಅಕ್ಕೋರ ಮುಖ ಸಪ್ಪಗಾಯಿತು. "ನನ್ನ ಬಾಯಿಗಿಷ್ಟ ಮಣ್ಣ ಹಾಕ" ಅಂತ ತಮ್ಮನ್ನೇ ಬೈದುಕೊಂಡು, ಪಕ್ಕದಲ್ಲಿ ಕೂತು ಅವಳು ತಿಂದು ಮುಗಿಸುವ ತನಕ ಎದ್ದು ಹೋಗಲಿಲ್ಲ.

ಬೀಜದ ವಿಷಯದಲ್ಲಿ ಮಾತ್ರ ದಯೆ ಇರಲಿಲ್ಲ. ನಾನು ಒಂದು ವರ್ಷ ಎರಡು ಹಿಡಿ ಅವರೆಬೀಜ ತಿರುಗಿ ಕೊಡಬೇಕಾದಲ್ಲಿ ಒಂದೂವರೆ ಹಿಡಿ ಕೊಟ್ಟೆ. ನನ್ನ ಮುಷ್ಟಿ ಬಿಡಿಸಿ ನೋಡಿ, "ಕೈ ಸಣ್ಣದಾಗೇತ್ರಿ ನಿಮ್ಮದು" ಅಂದರು. ಮುಂದಿನ ರೈಲಿಗೆ ತಿರುಗಿ ಕಳಿಸಿದರು, ಉಳಿದ ಅರ್ಧ ತರಲು.

ಮಣ್ಣಿಗೆ ಹೋದ ದಿನ ಆ ಸಾಲನ್ನು ನೋಡಿ ಬಂದೆ. ಬಳ್ಳಿ ಅರ್ಧಕ್ಕೆ ನಿಂತಿತ್ತು. ಒಪ್ಪತ್ತಿನವರು ಕಡಿಮೆಯಾದರು ಅಂತಲ್ಲ. ಈಚೆಗೆ ಅವರ ಸೊಂಟ ಬಗ್ಗುತ್ತಿರಲಿಲ್ಲ.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಸಂಜೆ ಮನೆ ಸೇರಿದೆವು. ಅನ್ನ ಬಡಿಸಿದೆ. ಸೊಸೆ ತಾಟು ಸರಿಸಿದಳು.

"ಅತ್ತಿ, ನನಗ ಬಯಕಿ ಆಗೇತಿ."

ಏಳು ತಿಂಗಳಾದರೂ ಅವಳು ಒಮ್ಮೆಯೂ ಆ ಮಾತು ಆಡಿರಲಿಲ್ಲ. ಓಣಿಯವರು ಏನು ಬೇಕು ಏನು ಬೇಕು ಅಂತ ಕೇಳಿ ಸೋತಿದ್ದರು. ನನಗೆ ಹಿಗ್ಗಾಯಿತು. "ಏನ ಬೇಕ ಹೇಳ ಯವ್ವಾ. ಹೋಳಗಿ ಮಾಡ್ಲೇನ?"

"ಇವತ್ತ ಅಲ್ಲಿ ಮಾಡಿದ್ರಲ್ಲ, ಆ ರೊಟ್ಟಿ, ಆ ಮಡಿಕಿಕಾಳ ಪಲ್ಯ."

"ನಾಳೆ ನಾ ಮಾಡ್ತೀನಿ ತಗೊ."

"ನಿಮ್ಮದಲ್ಲ. ಅವರ ಕೈದು."

ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಏನಂದಿ?" ಅಂದ. ಸೊಸೆ ತಲೆ ಎತ್ತಲಿಲ್ಲ, ಮಾತೂ ತಿರುಗಿಸಲಿಲ್ಲ.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಅವಳಿಗೆ ಅದನ್ನು ಕಲಿಸಿದವಳು ನಾನೇ. ಅದು ನಿಜವಾದ ಬಯಕೆಯೋ, ನನ್ನ ಸುಳ್ಳಿಗೆ ಅವಳು ಹೂಡಿದ ಆಟವೋ, ಇವತ್ತಿಗೂ ಕೇಳಿಲ್ಲ. ಆ ಕೂಸು ಈಗ ಐದನೇ ಇಯತ್ತೆ ಓದುತ್ತಿದೆ. ಕಿವಿ ನೆಟ್ಟಗಿವೆ, ಹೇಳಿದ ಮಾತು ಮಾತ್ರ ಕೇಳುವುದಿಲ್ಲ.

"ಲಕ್ಷ್ಮವ್ವನ್ನ ಕಳಸು. ಆಕಿ ತರ್ತಾಳ" ಅಂದ ಗಂಡ.

"ಬಯಕಿ ಅತ್ತಿನ ತರಬೇಕು" ಅಂದಳು ಸೊಸೆ.

ಮರುದಿನ ಬೆಳಗ್ಗೆ ಮೂರು ಖಾನೆಯ ಡಬ್ಬಿ ಹಿಡಿದು ಮೊದಲ ರೈಲು ಹತ್ತಿದೆ. ಹೊಳೆ ದಾಟುವಾಗ ಒಮ್ಮೆ ಇಳಿದು ಹೋಗಿಬಿಡಲೇ ಅನ್ನಿಸಿತು, ಸೇತುವೆಯ ಮೇಲೆ ಎಲ್ಲಿ ಇಳಿಯುವುದು. ಶೇಡಬಾಳದಿಂದ ನಡೆದು ಹೋದಾಗ ಅಕ್ಕೋರು ಒಲೆಯ ಮುಂದಿದ್ದರು. ಹಿಟ್ಟು ಮೆತ್ತಿದ ಕೈ. ನನ್ನನ್ನೂ ಡಬ್ಬಿಯನ್ನೂ ನೋಡಿದರು.

"ಸೊಸಿಗೆ ಬಯಕಿ ಆಗೇತಿ," ಅಂದೆ. "ನಿಮ್ಮ ಕೈ ರೊಟ್ಟಿ ಬೇಕಂತ."

ಅವರು ನಗಲಿಲ್ಲ. ಡಬ್ಬಿ ಇಸಿದುಕೊಂಡು ಪಕ್ಕಕ್ಕಿಟ್ಟರು.

"ಇವತ್ತ ಮಂಗಳಾರ. ನಿಮಗ ಒಪ್ಪತ್ತೇನ್ರಿ?"

"ಇಲ್ರಿ."

"ನಿನ್ನಿ?"

"ನಿನ್ನೀನೂ ಇರಲಿಲ್ಲ."

ಹಂಚಿನಿಂದ ರೊಟ್ಟಿ ತೆಗೆದು, ಅದರ ಮೇಲೆ ಪಲ್ಯ ಹಾಕಿ ನನ್ನ ಮುಂದೆ ಹಿಡಿದರು. "ಕುಂಡ್ರಿ. ಬಸರಿಗೆ ಕಟ್ಟಿ ಕೊಡಬೇಕಲ್ಲ, ಮೊದಲ ಉಪ್ಪ ನೋಡ್ರಿ. ಆಕಿ ನಾಲಿಗಿ ನನಗ ಗೊತ್ತಿಲ್ಲ, ನಿಮಗ ಗೊತ್ತೈತಿ."

ಕೂತೆ. ಮುರಿದು ಬಾಯಿಗಿಟ್ಟೆ. ಉಪ್ಪು ಒಂದು ಹರಳು ಕಡಿಮೆ ಇತ್ತು. ಕಡಿಮೆ ಐತಿ ಅಂತ ಹೇಳಿದೆ. ಹೇಳಿ, ಇನ್ನೊಂದು ರೊಟ್ಟಿ ಕೇಳಿದೆ.